ಬದುವಿಗೊಂದು ಹೊಂಗೆ

ಚಿಂತಾಮಣಿಯಿಂದ ಕೈವಾರದ ಕಡೆಗೆ ಹೊರಟರೆ ಅಂಬಾಜಿದುರ್ಗದ ಬೆಟ್ಟ ಕಣ್ಣಿಗೆ ಬೀಳುತ್ತದೆ. ಸುಮಾರು 4,400 ಅಡಿ ಎತ್ತರದ, ಮೈತುಂಬ ಬಂಡೆ ಹೊತ್ತ ಬೆಟ್ಟ. ಅದರ ಸುತ್ತಲಿನ ಹೊಲಗಳನ್ನು ಯುಗಾದಿಯ ಆಸುಪಾಸಿನಲ್ಲಿ ನೋಡಬೇಕು. ರಾಗಿ ಕೊಯ್ಲು ಮುಗಿದು ತಿಂಗಳುಗಳೇ ಕಳೆದಿರುತ್ತವೆ. ಕೆಂಪು ನೆಲ ಬಿರುಕು ಬಿಟ್ಟಿರುತ್ತದೆ. ಕುಂಟೆಗಳ ತಳ ಕಾಣುತ್ತಿರುತ್ತದೆ. ಬೇಲಿಯ ಲಕ್ಕಿ, ತಂಗಡಿ ಗಿಡಗಳೂ ಸೊರಗಿರುವ ಆ ಹೊತ್ತಿನಲ್ಲಿ ಬದುಗಳ ಮೇಲೆ ಒಂದು ಮರ ಮಾತ್ರ ಹೊಸ ಚಿಗುರು ಹೊದ್ದು, ಮಿರಿಮಿರಿ ಮಿಂಚುತ್ತ ನಿಂತಿರುತ್ತದೆ. ಅದೇ ಹೊಂಗೆ.

ಹೊಂಗೆ ಯಾರಿಗೆ ಗೊತ್ತಿಲ್ಲ ಎಂದು ನೀವು ಕೇಳಬಹುದು. ಹೆಸರು ಎಲ್ಲರಿಗೂ ಗೊತ್ತು. ಆದರೆ ಬದುವಿನ ಮೇಲೆ ಸಾಲಾಗಿ ನಿಂತ ಮರಗಳಲ್ಲಿ ಹೊಂಗೆ ಯಾವುದು, ಬೆರಳಿಟ್ಟು ತೋರಿಸು ಎಂದರೆ ಹಳ್ಳಿಯ ಶಾಲೆಯ ಮಕ್ಕಳೂ ಈಗ ತಡವರಿಸುತ್ತಾರೆ. ಅದರ ಸೊಪ್ಪು, ಕಾಯಿ, ಹಿಂಡಿ ಯಾವುದಕ್ಕೆ ಬರುತ್ತದೆ ಎಂದು ಕೇಳಿದರೆ ನಡುವಯಸ್ಸಿನ ರೈತರೂ ಯೋಚಿಸಬೇಕಾಗುತ್ತದೆ. ಗುರುತು ಮರೆತರೆ ಬಳಕೆ ಮರೆಯುತ್ತದೆ. ಬಳಕೆ ಮರೆತ ಮರಕ್ಕೆ ಕೊಡಲಿ ಬೀಳಲು ಬಹಳ ದಿನ ಬೇಕಾಗಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯಂಥ ಮಳೆ ನಂಬಿದ ತಾಲ್ಲೂಕುಗಳಿಗೆ ಹೊಂಗೆ ಏನು ಕೊಟ್ಟಿತ್ತು, ಈಗಲೂ ಏನು ಕೊಡಬಲ್ಲದು ಎಂಬುದನ್ನು ಬಿಡಿಸಿ ಹೇಳುವ ಪ್ರಯತ್ನವಿದು.

ಗುರುತು ಹಿಡಿಯುವ ಬಗೆ

ಮೊದಲು ಎಲೆ ನೋಡಿ. ಹೊಂಗೆಯದು ಬಿಡಿ ಎಲೆಯಲ್ಲ. ಒಂದು ಕಡ್ಡಿಗೆ ಎದುರುಬದುರಾಗಿ ಎರಡು ಅಥವಾ ಮೂರು ಜೊತೆ ಕಿರುಎಲೆಗಳು, ತುದಿಯಲ್ಲಿ ಒಂಟಿಯಾಗಿ ಇನ್ನೊಂದು. ಒಟ್ಟು ಐದು ಅಥವಾ ಏಳು, ಅಪರೂಪಕ್ಕೆ ಒಂಬತ್ತು. ತುದಿಯ ಎಲೆಯೇ ಎಲ್ಲಕ್ಕಿಂತ ದೊಡ್ಡದು, ಬುಡದ ಜೊತೆಯೇ ಚಿಕ್ಕದು. ಅಂಚು ನುಣುಪು, ಗರಗಸದ ಹಲ್ಲುಗಳಿಲ್ಲ. ಚಿಗುರು ನಸುಗೆಂಪಗೆ ಹುಟ್ಟಿ, ಎಳೆ ಹಸಿರಿಗೆ ತಿರುಗಿ, ಬಲಿತಾಗ ಗಾಢ ಹಸಿರಾಗುತ್ತದೆ. ಎಲೆ ಕಿವುಚಿ ಮೂಸಿದರೆ ಹಿತವಲ್ಲದ ಒಂದು ಘಾಟು ಬರುತ್ತದೆ.

ಇನ್ನೊಂದು ಗುರುತು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಹೊಂಗೆಯ ಎಲೆಯ ಮೇಲೆ ಬೆರಳಾಡಿಸಿದರೆ ಎಷ್ಟೋ ಸಲ ಸಣ್ಣ ಸಣ್ಣ ಗಂಟುಗಳು ಸಿಗುತ್ತವೆ. ಕಣ್ಣಿಗೆ ಕಾಣದಷ್ಟು ಪುಟ್ಟದಾದ ಒಂದು ಜಾತಿಯ ನುಸಿ ಎಲೆಯೊಳಗೆ ಮನೆ ಮಾಡಿಕೊಂಡಾಗ ಈ ಗಂಟುಗಳು ಏಳುತ್ತವೆ. ಮರಕ್ಕೆ ಇದರಿಂದ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ದೂರದಿಂದ ಅನುಮಾನವಿದ್ದರೆ ಹತ್ತಿರ ಹೋಗಿ ಎಲೆ ತಿರುವಿ ನೋಡಿ. ಗಂಟು ಕಂಡರೆ ಹೊಂಗೆ ಎಂದು ಹೆಚ್ಚೂಕಡಿಮೆ ಧೈರ್ಯವಾಗಿ ಹೇಳಬಹುದು.

ಹೂವು ಬರುವುದು ಮಾರ್ಚಿನಿಂದ ಮೇ ತಿಂಗಳವರೆಗೆ. ಬಿಳಿಗೆ ನಸುನೇರಳೆ ಬೆರೆತ ಸಣ್ಣ ಹೂಗಳು ಎಲೆಕಂಕುಳಿನಿಂದ ಹೊರಡುವ ಗೊಂಚಲುಗಳಲ್ಲಿ ಅರಳುತ್ತವೆ. ಅವರೆ ಹೂವನ್ನು ನೋಡಿದವರಿಗೆ ಇದರ ಆಕಾರ ಬೇಗ ಗುರುತು ಸಿಗುತ್ತದೆ, ಏಕೆಂದರೆ ಎರಡೂ ಒಂದೇ ಕುಟುಂಬದವು. ಬೆಳಿಗ್ಗೆ ಮರದ ಕೆಳಗೆ ಉದುರಿದ ಹೂವು ನೆಲ ಮುಚ್ಚಿರುತ್ತದೆ, ಮೇಲೆ ಜೇನುನೊಣಗಳ ಸದ್ದು. ಬೇಂದ್ರೆಯವರು ತಮ್ಮ ‘ಯುಗಾದಿ’ ಕವಿತೆಯಲ್ಲಿ ಹೊಂಗೆಯ ಹೂವನ್ನೂ ದುಂಬಿಯನ್ನೂ ಒಟ್ಟಿಗೆ ತಂದದ್ದು ಸುಮ್ಮನೆ ಅಲ್ಲ. ಚೈತ್ರದಲ್ಲಿ ಬಯಲುಸೀಮೆಯ ಜೇನಿಗೆ ಇದು ದೊಡ್ಡ ಆಸರೆ.

ಕಾಯಿಯದು ಖಚಿತವಾದ ಗುರುತು. ಎರಡು ಬೆರಳಗಲದ, ಚಪ್ಪಟೆಯಾದ, ಗಟ್ಟಿ ತೊಗಟೆಯ ಕಾಯಿ. ಉದ್ದ ಮೂರರಿಂದ ಆರು ಸೆಂಟಿಮೀಟರ್. ತುದಿಯಲ್ಲಿ ಬಾಗಿದ ಚಿಕ್ಕ ಕೊಕ್ಕೆ. ಒಳಗೆ ಸಾಮಾನ್ಯವಾಗಿ ಒಂದೇ ಬೀಜ, ಅಪರೂಪಕ್ಕೆ ಎರಡು. ಅವರೆಯ ಕಾಯಿಯ ಹಾಗೆ ಇದು ಒಣಗಿದಾಗ ತಾನಾಗಿ ಬಾಯಿ ಬಿಡುವುದಿಲ್ಲ, ಬಡಿದೇ ಬಿಡಿಸಬೇಕು.

ತಪ್ಪು ತಿಳಿಯುವ ಸಂದರ್ಭಗಳೂ ಇವೆ. ಬೇಲಿಯಲ್ಲಿ ಹೊಂಗೆಯ ಜೊತೆಗೇ ನಿಲ್ಲುವ ಗೊಬ್ಬರದ ಗಿಡಕ್ಕೂ, ಅಂದರೆ ಗ್ಲಿರಿಸಿಡಿಯಕ್ಕೂ, ಗರಿಯಂಥ ಎಲೆಯೇ ಇದೆ. ಆದರೆ ಅದರ ಕಿರುಎಲೆಗಳು ಹೆಚ್ಚು, ಹೊಳಪು ಕಡಿಮೆ. ಬೇಸಿಗೆಯ ಮೊದಲಿಗೆ ಎಲೆಯೆಲ್ಲ ಉದುರಿದ ಬರಿಗೊಂಬೆಯ ಮೇಲೆ ಅದು ಗುಲಾಬಿ ಬಣ್ಣದ ಹೂವು ಬಿಡುತ್ತದೆ. ಕಾಯಿ ಗೇಣುದ್ದಕ್ಕೆ ಹತ್ತಿರ, ಒಣಗಿದಾಗ ಸಿಡಿಯುತ್ತದೆ. ಕಾಡಿನ ಹೊನ್ನೆ ಮರದ ಹೆಸರು ಹೊಂಗೆಗೆ ಹತ್ತಿರವಾದರೂ ಅದರ ಕಿರುಎಲೆಗಳು ಎದುರುಬದುರಾಗಿಲ್ಲ, ಒಂದು ಬಿಟ್ಟು ಒಂದು ಬರುತ್ತವೆ. ಕಾಯಿ ದುಂಡಗಿದ್ದು ಸುತ್ತಲೂ ತೆಳು ರೆಕ್ಕೆಯಿರುತ್ತದೆ. ಮುತ್ತುಗ, ಹಾಲುವಾಣಗಳಿಗೆ ಮೂರೇ ಎಲೆ. ಬೇವಿನ ಎಲೆಯ ಅಂಚಿನಲ್ಲಿ ಹಲ್ಲುಗಳಿವೆ. ಇಷ್ಟು ನೆನಪಿದ್ದರೆ ತಪ್ಪಾಗುವುದಿಲ್ಲ.

ಚಿಂತಾಮಣಿ, ಬಾಗೇಪಲ್ಲಿ ಕಡೆ ತೆಲುಗು ಮನೆಮಾತಿನವರು ಇದನ್ನು ಕಾನುಗ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಹುಲಗಲ ಎಂಬ ಹೆಸರಿದೆ. ಆಯುರ್ವೇದದಲ್ಲಿ ಕರಂಜ, ನಕ್ತಮಾಲ. ಸಸ್ಯವಿಜ್ಞಾನದಲ್ಲಿ ಪೊಂಗಾಮಿಯ ಪಿನ್ನೇಟ, ಇತ್ತೀಚಿನ ಕೆಲವು ಪುಸ್ತಕಗಳಲ್ಲಿ ಮಿಲ್ಲೆಟಿಯ ಪಿನ್ನೇಟ.

ಹಳ್ಳದ ದಂಡೆಯಿಂದ ಹೊಲದ ಬದುವಿಗೆ

ತನ್ನಷ್ಟಕ್ಕೆ ಬಿಟ್ಟರೆ ಹೊಂಗೆ ಬೆಳೆಯುವುದು ನೀರಿನ ಪಕ್ಕದಲ್ಲಿ. ಹಳ್ಳದ ದಂಡೆ, ಹೊಳೆಯ ಅಂಚು, ಕಡಲತೀರದ ಉಪ್ಪುನೆಲ ಇದರ ಹುಟ್ಟುನೆಲೆ. ಭಾರತದಿಂದ ಆಗ್ನೇಯ ಏಷ್ಯಾ ದಾಟಿ ಆಸ್ಟ್ರೇಲಿಯದ ಉತ್ತರ ಭಾಗದವರೆಗೂ ಇದು ಹಬ್ಬಿದೆ. ಕಾಯಿ ನೀರಿನಲ್ಲಿ ತೇಲುತ್ತದೆ. ಹರಿವು ಅದನ್ನು ಎಲ್ಲಿಗೆ ಮುಟ್ಟಿಸುತ್ತದೋ ಅಲ್ಲಿ ಬೇರು ಬಿಡುತ್ತದೆ.

ಇಂಥ ಮರ ವರ್ಷಕ್ಕೆ 700ರಿಂದ 800 ಮಿಲಿಮೀಟರ್ ಮಳೆ ಬೀಳುವ, ವರ್ಷವಿಡೀ ಹರಿಯುವ ಹೊಳೆಯೇ ಇಲ್ಲದ ಈ ಸೀಮೆಯ ಹೊಲಗಳಲ್ಲಿ ಹೇಗೆ ನಿಂತಿತು? ಇದರ ತಾಯಿಬೇರು ಆಳಕ್ಕೆ ಇಳಿದು ಕೆಳಗಿನ ತೇವವನ್ನು ಹುಡುಕುತ್ತದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಒದಗಿಸುತ್ತವೆ. ಹೀಗಾಗಿ ಬಡಕಲು ನೆಲವೂ ಇದಕ್ಕೆ ಸಾಕು. ಎಳೆ ಗಿಡಕ್ಕೆ ಆಡು, ದನ ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಆದ್ದರಿಂದ ಕಾವಲು ಹೆಚ್ಚು ಬೇಕಿಲ್ಲ. ಎಲೆ ಉದುರಿದ ಕೆಲವೇ ದಿನಗಳಲ್ಲಿ ಚಿಗುರುವುದರಿಂದ ಬೇಸಿಗೆಯ ನಡುವೆಯೂ ನೆರಳು ತಪ್ಪುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ಹೊಂಗೆ ಕಡಿದಷ್ಟೂ ಚಿಗುರುತ್ತದೆ. ಕೊಂಬೆ ಸವರಿದರೆ ಮರುವರ್ಷ ಅಲ್ಲೇ ಹತ್ತಾರು ಹೊಸ ಬಡಲು ಹೊರಡುತ್ತವೆ. ಬುಡಕ್ಕೆ ಕಡಿದರೂ ಮೋಟಿನಿಂದ ಮೇಲೇಳುತ್ತದೆ. ನಮ್ಮ ಹಿರಿಯರು ಈ ಗುಣವನ್ನು ಚೆನ್ನಾಗಿ ಅರಿತಿದ್ದರು. ಬದುವಿನ ಹೊಂಗೆ ಅವರಿಗೆ ತಾನಾಗಿ ಬೆಳೆದ ಕಾಡುಮರ ಆಗಿರಲಿಲ್ಲ. ಪ್ರತಿವರ್ಷ ಸವರುವ, ಕಾಯಿ ಬಡಿಯುವ, ಮತ್ತೆ ಬೆಳೆಯಲು ಬಿಡುವ ಒಂದು ಬೆಳೆಯೇ ಆಗಿತ್ತು. ಊರಿನ ಗುಂಡುತೋಪುಗಳಲ್ಲಿ ಮಾವು, ಹುಣಸೆ, ನೇರಳೆಯ ನಡುವೆ ಹೊಂಗೆಗೂ ಜಾಗವಿತ್ತು. ರಸ್ತೆಬದಿಯ ಸಾಲುಮರಗಳಲ್ಲೂ, ಬೆಂಗಳೂರಿನ ಹಳೆಯ ಬಡಾವಣೆಗಳ ಬೀದಿಗಳಲ್ಲೂ ಇದನ್ನು ಇಂದಿಗೂ ನೋಡಬಹುದು.

ಗದ್ದೆಗೆ ಸೊಪ್ಪು

ಕೆರೆಯ ಹಿಂದೆ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿದ್ದ ಕಾಲದಲ್ಲಿ ನಾಟಿಗೆ ಮುಂಚೆ ಗದ್ದೆಗೆ ಸೊಪ್ಪು ತುಳಿಸುವುದು ತಪ್ಪದ ಕೆಲಸ. ಬದುವಿನ ಹೊಂಗೆಗಳನ್ನು ಸವರಿ, ಹೊರೆ ಕಟ್ಟಿ ಗಾಡಿಗಳಲ್ಲಿ ತಂದು, ನೀರು ನಿಲ್ಲಿಸಿ ಉತ್ತ ಕೆಸರಿನಲ್ಲಿ ಹರಡುತ್ತಿದ್ದರು. ಹೆಂಗಸರು, ಗಂಡಸರು ಸಾಲು ಹಿಡಿದು ಕಾಲಿನಿಂದ ತುಳಿದು ಅದನ್ನು ಕೆಸರಿನೊಳಗೆ ಹುಗಿಯುತ್ತಿದ್ದರು. ಒಂದೆರಡು ವಾರದಲ್ಲಿ ಸೊಪ್ಪು ಕೊಳೆತು ಹೋಗುತ್ತಿತ್ತು, ಉಳಿದ ಕಡ್ಡಿಗಳನ್ನು ಆರಿಸಿ ತಂದು ಒಲೆಗೆ ಹಾಕುತ್ತಿದ್ದರು.

ಈ ಪದ್ಧತಿಯ ಹಿಂದಿನ ಲೆಕ್ಕ ಸರಳ. ಒಣಗಿಸಿದ ಹೊಂಗೆ ಸೊಪ್ಪಿನ ತೂಕದಲ್ಲಿ ಸುಮಾರು ಶೇ 3ರಷ್ಟು ಸಾರಜನಕವಿದೆ. ಹಸಿರೆಲೆ ಗೊಬ್ಬರಕ್ಕೆಂದೇ ಹೊರಗಿನಿಂದ ತಂದು ಬೆಳೆಸಿದ ಗ್ಲಿರಿಸಿಡಿಯಕ್ಕೆ ಹೋಲಿಸಿದರೂ ಇದು ಕಡಿಮೆಯಲ್ಲ. ಆಳದಿಂದ ಬೇರು ಎಳೆದು ತಂದ ಸತ್ವ, ಗಾಳಿಯಿಂದ ಹಿಡಿದ ಸಾರಜನಕ ಎರಡೂ ಸೊಪ್ಪಿನ ಮೂಲಕ ಮೇಲುಮಣ್ಣಿಗೆ ಬಂದು ಸೇರುತ್ತವೆ. ಜೊತೆಗೆ ಮಣ್ಣು ಸಡಿಲವಾಗುತ್ತದೆ, ತೇವ ಹೆಚ್ಚು ಹೊತ್ತು ನಿಲ್ಲುತ್ತದೆ.

ಬದುವಿನ ಮರದಿಂದ ಬೆಳೆಗೆ ನೆರಳಾಗುತ್ತದೆ ಎಂಬುದು ರೈತರ ದೂರು. ದೂರು ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರವೂ ಈ ಸವರುವ ಪದ್ಧತಿಯಲ್ಲೇ ಇತ್ತು. ಮುಂಗಾರಿಗೆ ಮುಂಚೆ ಕೊಂಬೆ ಸವರಿದರೆ ರಾಗಿ ಬೆಳೆಯುವ ತಿಂಗಳುಗಳಲ್ಲಿ ನೆರಳು ಕಡಿಮೆ. ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ಮರ ಮತ್ತೆ ತುಂಬಿಕೊಂಡು, ಬೇಸಿಗೆಯಲ್ಲಿ ದನಕ್ಕೂ ದುಡಿಯುವವರಿಗೂ ನೆರಳಾಗುತ್ತದೆ. ಸವರುವುದನ್ನು ನಿಲ್ಲಿಸಿದ ಮೇಲೆ ಮರ ಅಗಲವಾಗಿ ಹಬ್ಬಿ ನೆರಳು ಹೊರೆಯಾಯಿತು. ಆಗ ಮರವನ್ನೇ ತೆಗೆಯುವ ಮಾತು ಬಂತು. ಒಂದು ಮಾತು ಇಲ್ಲಿ ಸೇರಿಸಬೇಕು. ಪ್ರತಿವರ್ಷ ಎಲ್ಲ ಕೊಂಬೆಗಳನ್ನೂ ಸವರಿದರೆ ಕಾಯಿ ಸಿಗುವುದಿಲ್ಲ. ಹಾಗಾಗಿ ಕೆಲವು ಮರ ಸೊಪ್ಪಿಗೆ, ಕೆಲವು ಮರ ಕಾಯಿಗೆ ಎಂದು ಬಿಟ್ಟುಕೊಳ್ಳುವುದು ಒಳ್ಳೆಯದು.

ಸೊಪ್ಪಿಗೆ ಹಬ್ಬದ ಬಳಕೆಯೂ ಇದೆ. ಮದುವೆಗೆ, ಊರ ದೇವರ ಜಾತ್ರೆಗೆ ಹಾಕುವ ಹಸಿರು ಚಪ್ಪರಕ್ಕೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಹೊಂಗೆ ಸೊಪ್ಪು ಹೊದಿಸುತ್ತಾರೆ. ಕಾಳು ತುಂಬಿಡುವಾಗ ಹುಳ ಬೀಳದಿರಲಿ ಎಂದು ಬೇವಿನಂತೆಯೇ ಒಣಗಿದ ಹೊಂಗೆ ಎಲೆಯನ್ನೂ ನಡುನಡುವೆ ಹಾಕುವುದುಂಟು. ಎಳೆ ಕಡ್ಡಿ ಹಲ್ಲುಜ್ಜಲು ಬರುತ್ತದೆ.

ಗಾಣದಿಂದ ದೀಪಕ್ಕೆ

ಕಳೆದ ಬೇಸಿಗೆಯ ಹೂವು ಕಾಯಾಗಿ ಬಲಿಯಲು ಹತ್ತು ಹನ್ನೊಂದು ತಿಂಗಳು ಬೇಕು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಯಿ ಬಡಿಯುವ ಕಾಲ. ಹೊಲದಲ್ಲಿ ಕೆಲಸವಿಲ್ಲದ ದಿನಗಳವು. ಉದ್ದನೆಯ ಗಳುವಿನಿಂದ ಕೊಂಬೆ ಬಡಿದು, ಬಿದ್ದ ಕಾಯಿಯನ್ನು ಗುಡಿಸಿ, ಕಣದಲ್ಲಿ ಒಣಗಿಸಿ, ಕೋಲಿನಿಂದ ಬಡಿದು, ಮೊರದಲ್ಲಿ ಕೇರಿ ಬೀಜ ತೆಗೆಯುತ್ತಾರೆ. ಈ ದುಡಿಮೆಯ ಬಹುಪಾಲು ಹೆಂಗಸರದು, ಜಮೀನಿಲ್ಲದ ಕುಟುಂಬಗಳದು. ರಸ್ತೆಬದಿಯ ಮರಗಳ ಕಾಯಿಯನ್ನೂ ಆರಿಸಿ ತಂದು ಬೀಜ ಮಾಡಿ ಮಾರಿದರೆ ಬೇಸಿಗೆಯ ಖರ್ಚಿಗೆ ಒಂದಿಷ್ಟು ಕಾಸು. ರಾಜ್ಯದ ಎಪಿಎಂಸಿಗಳ ದರಪಟ್ಟಿಯಲ್ಲಿ ಹೊಂಗೆಬೀಜದ ಹೆಸರು ಇಂದಿಗೂ ಇದೆ. ಬಿಡಿಸಿದ ಸಿಪ್ಪೆ ನೀರೊಲೆಗೆ ಹೋಗುತ್ತದೆ.

ಮರ ನಾಲ್ಕರಿಂದ ಏಳು ವರ್ಷಕ್ಕೆ ಫಲಕ್ಕೆ ಬರುತ್ತದೆ. ಬೆಳೆದ ಮರದಿಂದ ವರ್ಷಕ್ಕೆ 9 ಕಿಲೋದಿಂದ 90 ಕಿಲೋವರೆಗೂ ಬೀಜ ಸಿಗಬಹುದು. ಬೀಜದಿಂದ ಹುಟ್ಟಿದ ಮರಗಳಲ್ಲಿ ಒಂದಕ್ಕೊಂದು ಹೋಲಿಕೆಯಿಲ್ಲದಿರುವುದರಿಂದ ಇಷ್ಟು ಅಂತರ. ಬೀಜದ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆ. ಯಂತ್ರದಲ್ಲಿ ಹಿಂಡಿದರೆ ಸುಮಾರು ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ, ಮೂರು ಕಿಲೋದಷ್ಟು ಹಿಂಡಿ ಎಂದು ಲೆಕ್ಕ ಹಿಡಿಯಬಹುದು.

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಗಾಣಿಗರು ಹಿಂಡುತ್ತಿದ್ದ ಎಣ್ಣೆಗಳನ್ನು ಹೆಸರಿಸುವಾಗ ಎಳ್ಳು, ಹುಚ್ಚೆಳ್ಳು, ಹರಳು, ಹಿಪ್ಪೆ, ಬೇವುಗಳ ಜೊತೆ ಹೊಂಗೆಯನ್ನೂ ದಾಖಲಿಸಿದ್ದಾನೆ. ಸೀಮೆಎಣ್ಣೆ ಹಳ್ಳಿಗೆ ಬರುವ ಮುಂಚೆ ಮನೆಯ ದೀಪ ಉರಿಯುತ್ತಿದ್ದುದು ಇಂಥ ಎಣ್ಣೆಗಳಿಂದಲೇ. ಹರಳೆಣ್ಣೆ, ಎಳ್ಳೆಣ್ಣೆಗಳಿಗೆ ಬೆಳೆ ಬೆಳೆಯಬೇಕು. ಹೊಂಗೆಎಣ್ಣೆಗೆ ಬದುವಿನಿಂದ ಆರಿಸಿದ ಕಾಯಿ ಸಾಕು. ಆದ್ದರಿಂದಲೇ ಬಡವರ ಮನೆಗೆ ಬೆಳಕು ಕೊಟ್ಟ ಎಣ್ಣೆಗಳಲ್ಲಿ ಇದೂ ಒಂದು. ಗಾಡಿಯ ಅಚ್ಚಿಗೆ ಸವರಲು, ತೊಗಲು ಹದ ಮಾಡಲು, ಸಾಬೂನು ಬೇಯಿಸಲು ಕೂಡ ಇದನ್ನು ಬಳಸುತ್ತಿದ್ದರು.

ಹಿಂಡಿಯ ಬೆಲೆ

ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯೇ ರೈತನಿಗೆ ಹೆಚ್ಚಿನ ಲಾಭ. ಹೊಂಗೆ ಹಿಂಡಿಯಲ್ಲಿ ಸುಮಾರು ಶೇ 4ರಷ್ಟು ಸಾರಜನಕ, ಶೇ 1ರ ಹತ್ತಿರ ರಂಜಕ, ಶೇ 1ಕ್ಕಿಂತ ತುಸು ಹೆಚ್ಚು ಪೊಟ್ಯಾಷ್ ಇದೆ. ಯೂರಿಯಾದಲ್ಲಿರುವ ಸಾರಜನಕ ಶೇ 46. ಅಂದರೆ 100 ಕಿಲೋ ಹಿಂಡಿಯಲ್ಲಿ ಸುಮಾರು 9 ಕಿಲೋ ಯೂರಿಯಾದಷ್ಟು ಸಾರಜನಕ. ಬರಿಯ ಈ ಲೆಕ್ಕ ನೋಡಿದರೆ ಹಿಂಡಿ ಸೋತಂತೆ ಕಾಣುತ್ತದೆ. ಆದರೆ ಹಿಂಡಿಯ ಬೆಲೆ ಇರುವುದು ಅದು ಮಣ್ಣಿನಲ್ಲಿ ನಡೆದುಕೊಳ್ಳುವ ರೀತಿಯಲ್ಲಿ.

ಯೂರಿಯಾ ಹಾಕಿದಾಗ ಮಣ್ಣಿನ ಸೂಕ್ಷ್ಮಜೀವಿಗಳು ಅದರ ಸಾರಜನಕವನ್ನು ಬೇಗಬೇಗ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ನೀರಿನಲ್ಲಿ ಕರಗಿ, ಒಂದು ಜೋರು ಮಳೆಗೆ ಬೇರಿನ ಕೈಗೆ ಸಿಗದಂತೆ ಕೆಳಗಿಳಿದು ಹೋಗುತ್ತದೆ. ಹೊಂಗೆಬೀಜದಲ್ಲಿ ಕರಂಜಿನ್ ಎಂಬ ವಸ್ತುವಿದೆ. ಅದು ಆ ಸೂಕ್ಷ್ಮಜೀವಿಗಳ ಕೆಲಸವನ್ನು ನಿಧಾನ ಮಾಡುತ್ತದೆ. ಹಾಗಾಗಿ ಹಿಂಡಿಯ ಸಾರಜನಕವೂ, ಅದರ ಜೊತೆಗೆ ಹಾಕಿದ ಗೊಬ್ಬರದ ಸಾರಜನಕವೂ ಹೆಚ್ಚು ದಿನ ಬೆಳೆಗೆ ದಕ್ಕುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆಯ ಲೇಪ ಕಡ್ಡಾಯ ಮಾಡಿತಲ್ಲ, ಅದರ ಹಿಂದಿರುವುದೂ ಇದೇ ತತ್ವ. ಹಿಂಡಿಯನ್ನು ಪುಡಿಮಾಡಿ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ಹಾಕುತ್ತಿದ್ದ ರೈತರಿಗೆ ಕರಂಜಿನ್ ಎಂಬ ಹೆಸರು ಗೊತ್ತಿರಲಿಲ್ಲ. ಹಿಂಡಿ ಹಾಕಿದ ಬೆಳೆಯ ಹಸಿರು ಬೇಗ ಇಳಿಯುವುದಿಲ್ಲ ಎಂಬುದು ಗೊತ್ತಿತ್ತು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನಂಬಿ ಹಿಪ್ಪುನೇರಳೆ ಬೆಳೆಯುವವರಿಗೂ ಚಿಂತಾಮಣಿಯ ಟೊಮೆಟೊ ಬೆಳೆಗಾರರಿಗೂ ಬೇರುಗಂಟು ರೋಗ ಹಳೆಯ ಶತ್ರು. ಮಣ್ಣಿನಲ್ಲಿರುವ ಜಂತುಹುಳುಗಳು ಬೇರನ್ನು ಹೊಕ್ಕು ಗಂಟು ಎಬ್ಬಿಸಿ ಗಿಡವನ್ನು ಸೊರಗಿಸುತ್ತವೆ. ಬೇವಿನ ಹಿಂಡಿಯಂತೆ ಹೊಂಗೆ ಹಿಂಡಿಯೂ ಇವುಗಳ ಹಾವಳಿಯನ್ನು ತಗ್ಗಿಸುತ್ತದೆ. ಎಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ಸಿಂಪಡಿಸಿದರೆ ರಸ ಹೀರುವ ಕೀಟಗಳು ಹತೋಟಿಗೆ ಬರುತ್ತವೆ. ರೇಷ್ಮೆ ಬೆಳೆಯುವವರು ಇಲ್ಲಿ ಎಚ್ಚರ ವಹಿಸಬೇಕು. ಕೀಟಕ್ಕೆ ಆಗದ್ದು ರೇಷ್ಮೆಹುಳುವಿಗೂ ಆಗದು. ಹುಳುವಿಗೆ ಹಾಕುವ ಸೊಪ್ಪಿನ ಮೇಲೆ ಹೊಂಗೆಎಣ್ಣೆಯ ಸಿಂಪರಣೆ ಬೀಳಬಾರದು. ಹಿಂಡಿಯನ್ನು ಮಣ್ಣಿಗೆ ಹಾಕುವುದಕ್ಕೆ ಈ ಭಯವಿಲ್ಲ.

ಮೈಗೆ ಹಚ್ಚಬಹುದು, ಕುಡಿಯಬಾರದು

ಮನೆಮದ್ದಿನಲ್ಲಿ ಹೊಂಗೆಎಣ್ಣೆಗೆ ಹಳೆಯ ಸ್ಥಾನವಿದೆ. ಕಜ್ಜಿ, ತುರಿಕೆ, ಮಾಯದ ಹುಣ್ಣುಗಳಿಗೆ ಮೇಲೆ ಹಚ್ಚುತ್ತಿದ್ದರು. ಎತ್ತಿನ ಹೆಗಲಿಗೆ ನೊಗ ಉಜ್ಜಿ ಆದ ಗಾಯಕ್ಕೆ, ದನದ ಗೊರಸಿನ ಹುಣ್ಣಿಗೆ ಇದೇ ಎಣ್ಣೆ. ನೊಣ ಕೂರುವುದಿಲ್ಲ, ಹುಳ ಬೀಳುವುದಿಲ್ಲ ಎಂಬುದು ರೈತರ ಅನುಭವ.

ಇದೆಲ್ಲವೂ ಹೊರಬಳಕೆಯ ಮಾತು ಎಂಬುದನ್ನು ಒತ್ತಿ ಹೇಳಬೇಕು. ಹೊಂಗೆಎಣ್ಣೆ ಕಹಿ, ಅಡುಗೆಗೆ ಬಾರದು. ಬೀಜ ತಿಂದರೆ ವಾಂತಿಯಾಗುತ್ತದೆ. ಹಿಂಡಿಯನ್ನು ಕಡಲೆಕಾಯಿ ಹಿಂಡಿಯಂತೆ ದನದ ಗೋದಲಿಗೆ ಹಾಕಬಾರದು. ಮಕ್ಕಳ ಕೈಗೆ ಸಿಗುವಂತೆ ಬೀಜ ಹರವಬಾರದು. ಗಾಯ ದೊಡ್ಡದಿದ್ದರೆ, ಚರ್ಮದ ತೊಂದರೆ ಹರಡುತ್ತಿದ್ದರೆ ವೈದ್ಯರ ಬಳಿಗೇ ಹೋಗಬೇಕು. ಗ್ರಂದಿಗೆ ಅಂಗಡಿಯಲ್ಲಿ ಕರಂಜ ಎಂದು ಕೇಳುವಾಗಲೂ ಜಾಗ್ರತೆ ಬೇಕು. ಲತಾಕರಂಜ ಎಂದರೆ ಗಜ್ಜುಗ. ಅದು ಮುಳ್ಳಿನ ಬಳ್ಳಿ, ಬೂದುಬಣ್ಣದ ಕಲ್ಲಿನಂಥ ಬೀಜದ್ದು. ಅದು ಹೊಂಗೆಯಲ್ಲ, ಬೇರೆಯೇ ಗಿಡ.

ಮರದ ದಿಮ್ಮಿಯ ವಿಷಯದಲ್ಲೂ ಹೆಚ್ಚಿನ ಆಸೆ ಬೇಡ. ಹೊಂಗೆ ಮರಕ್ಕೆ ಹುಳ ಬೇಗ ಹಿಡಿಯುತ್ತದೆ. ಬಾಗಿಲು, ತೊಲೆಗೆ ಅದು ಹೇಳಿಸಿದ್ದಲ್ಲ. ಗುದ್ದಲಿ ಕಾವು, ಗೂಟ, ಗಾಡಿಯ ಕೆಲವು ಭಾಗಗಳಿಗೆ ಬಳಸುತ್ತಿದ್ದರು. ಸೌದೆಗೆ ಒಳ್ಳೆಯದು. ದಿಮ್ಮಿಗೆ ಬೆಲೆಯಿಲ್ಲದ್ದರಿಂದಲೇ ಹೊಂಗೆಗೆ ದೀರ್ಘಾಯುಷ್ಯ ಸಿಕ್ಕಿತು. ನಿಂತಿದ್ದರೆ ಲಾಭ, ಕಡಿದರೆ ಲಾಭವಿಲ್ಲ ಎಂಬ ಲೆಕ್ಕ ಅದನ್ನು ಕಾಯ್ದಿತ್ತು.

ಎಂಜಿನ್ ಓಡಿಸಿದ ಎಣ್ಣೆ

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಅಂದರೆ ಗಿಡದ ಎಣ್ಣೆಯಿಂದ ಎಂಜಿನ್ ನಡೆಸುವ ಯೋಚನೆ ಹೊಸದಲ್ಲ. ಕರ್ನಾಟಕದಲ್ಲಿ ಅದನ್ನು ಹೊಂಗೆಯ ಮೇಲೆ ಪ್ರಯೋಗಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ಹೆಸರು ಮೊದಲು ಬರುತ್ತದೆ. ಹಳ್ಳಿಯ ನೀರೆತ್ತುವ ಪಂಪಿಗೂ ವಿದ್ಯುತ್ತಿಗೂ ಹೊಂಗೆಎಣ್ಣೆಯಿಂದ ಓಡುವ ಎಂಜಿನ್ ಸಾಕು ಎಂದು ಅವರು ಮಾಡಿ ತೋರಿಸಿದರು. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ 2007ರಲ್ಲಿ ಶುರುವಾಯಿತು. 2009ರಲ್ಲಿ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿ ತಂದಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರಿನಲ್ಲಿ ಹೊಂಗೆ, ಬೇವು, ಹಿಪ್ಪೆ, ಸೀಮರೂಬ ಸಸಿಗಳನ್ನು ಹಂಚಿದರು.

ಹೊಂಗೆಎಣ್ಣೆ ಡೀಸೆಲ್‌ಗಿಂತ ಮಂದ. ಅದನ್ನು ಮೆಥನಾಲ್ ಜೊತೆ ಸಂಸ್ಕರಿಸಿ ಗ್ಲಿಸರಿನ್ ಬೇರ್ಪಡಿಸಿದರೆ ತೆಳುವಾದ ಜೈವಿಕ ಡೀಸೆಲ್ ಸಿಗುತ್ತದೆ. ವಿಜ್ಞಾನ ಇಲ್ಲಿ ತೊಡಕಾಗಲಿಲ್ಲ. ಊರೂರಲ್ಲಿ ಬೀಜ ಕೂಡಿಸುವುದು, ಕೂಡಿಸಿದವರಿಗೆ ನ್ಯಾಯವಾದ ಬೆಲೆ ಕೊಡುವುದು, ಹತ್ತಿರದಲ್ಲೇ ಗಾಣ ಇರುವಂತೆ ನೋಡಿಕೊಳ್ಳುವುದು, ಇವು ಕಷ್ಟವಾದವು. ದಿನದ ಕೂಲಿಗಿಂತ ಬೀಜದ ಬೆಲೆ ಕಡಿಮೆಯಾದರೆ ಕಾಯಿ ಆರಿಸಲು ಯಾರೂ ಬರುವುದಿಲ್ಲ.

ಇದೇ ಹೊತ್ತಿನಲ್ಲಿ ಹೊರಗಿನವರು ನಮ್ಮ ಮರದ ಬೆಲೆ ಕಂಡುಕೊಳ್ಳುತ್ತಿದ್ದಾರೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹೊಂಗೆಯ ಮೇಲೆ ಸಂಶೋಧನೆ ನಡೆದಿದೆ. ಅಮೆರಿಕದ ಫ್ಲಾರಿಡಾದಲ್ಲಿ ರೋಗ ಬಂದು ಕಿತ್ತಳೆ ತೋಟಗಳು ಹಾಳಾದ ನೆಲದಲ್ಲಿ ಕಸಿ ಮಾಡಿದ ಹೊಂಗೆ ತೋಟಗಳು ಎದ್ದಿವೆ. ಬೀಜದ ಕಹಿ ತೆಗೆದು ಎಣ್ಣೆಯನ್ನೂ ಪ್ರೋಟೀನನ್ನೂ ಆಹಾರಕ್ಕೆ ಬಳಸುವ ಕೆಲಸ ಅಲ್ಲಿ ನಡೆಯುತ್ತಿದೆ. ನಮ್ಮ ರಸ್ತೆಗಳಲ್ಲಿ ಅದೇ ಬೀಜ ಗಾಡಿಚಕ್ರಕ್ಕೆ ಸಿಕ್ಕಿ ನುಚ್ಚಾಗುತ್ತಿದೆ.

ಬದು ಬರಿದಾದದ್ದು

ಹೊಂಗೆ ಕಡಿಮೆಯಾಗಲು ಒಂದೇ ಕಾರಣವಿಲ್ಲ. ಸೀಮೆಎಣ್ಣೆ, ಆಮೇಲೆ ವಿದ್ಯುತ್ತು ಬಂದು ದೀಪದ ಎಣ್ಣೆ ಬೇಡವಾಯಿತು. ಮೂಟೆ ಗೊಬ್ಬರ ಬಂದು ಸೊಪ್ಪು ತುಳಿಸುವುದು ನಿಂತಿತು. ಕೆರೆಗಳು ಬತ್ತಿ ಅಚ್ಚುಕಟ್ಟಿನ ಭತ್ತವೇ ಇಲ್ಲವಾಯಿತು. ಅಣ್ಣತಮ್ಮಂದಿರ ಪಾಲಾಗಿ ಹೊಲಗಳು ಚಿಕ್ಕದಾದವು, ಬದುಗಳೂ ಸವೆದವು. ಕೋಲಾರ ಸೀಮೆಯ ಹೊಲಗಳಿಗೆ ನೀಲಗಿರಿ ಬಂತು. ನೀಲಗಿರಿಯ ಕಡ್ಡಿಗೆ ಕೈಗೆ ದುಡ್ಡು ಸಿಗುತ್ತಿತ್ತು. ಅಂತರ್ಜಲ ಪಾತಾಳ ಸೇರಿದ ಮೇಲೆ, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೀಲಗಿರಿ ಕಿತ್ತ ಜಾಗದಲ್ಲಿ ಏನು ನೆಡುವುದು ಎಂಬ ಪ್ರಶ್ನೆ ಈಗ ಎಷ್ಟೋ ರೈತರ ಮುಂದಿದೆ.

ಆ ಪ್ರಶ್ನೆಗೆ ಹೊಂಗೆ ಒಳ್ಳೆಯ ಉತ್ತರ ಎಂಬುದು ನನ್ನ ದೃಢವಾದ ನಂಬಿಕೆ. ಹೊಲ ತುಂಬ ನೆಡಬೇಕು ಎಂದು ನಾನು ಹೇಳುತ್ತಿಲ್ಲ. ಬದುವಿನ ಮೇಲೆ, ಬೇಲಿಯ ಸಾಲಿನಲ್ಲಿ, ಕುಂಟೆಯ ದಡದಲ್ಲಿ, ಐದಾರು ಮೀಟರಿಗೊಂದರಂತೆ ಸಾಕು. ಬದುವಿನ ಮಣ್ಣು ಕೊಚ್ಚಿಹೋಗದಂತೆ ಅದರ ಬೇರು ಹಿಡಿಯುತ್ತದೆ. ಹೂವಿಗೆ ಜೇನು ಬಂದರೆ ಬೇಸಿಗೆಯ ತೋಟದ ಬೆಳೆಗಳಿಗೂ ಪರಾಗಸ್ಪರ್ಶದ ನೆರವು. ರೆಕ್ಕೆಯ ಕೆಳಬದಿಯಲ್ಲಿ ಬಿಳಿ ಪಟ್ಟೆಯಿರುವ ಕಂದು ಬಣ್ಣದ ಚುರುಕು ಚಿಟ್ಟೆಯೊಂದರ ಮರಿಗಳು ಇದರ ಎಲೆ ತಿಂದೇ ಬೆಳೆಯುತ್ತವೆ.

ಬೆಳೆಸುವುದೂ ಸುಲಭ. ಈ ವರ್ಷದ ಬೀಜವನ್ನೇ ತೆಗೆದುಕೊಳ್ಳಿ, ಹಳೆಯದಾದಷ್ಟೂ ಮೊಳಕೆ ಕಡಿಮೆ. ಹೆಚ್ಚು ಕಾಯಿ ಬಿಡುವ, ದಪ್ಪ ಬೀಜದ ಮರವನ್ನು ಊರಲ್ಲಿ ಗುರುತಿಟ್ಟುಕೊಂಡು ಅದರ ಕಾಯನ್ನೇ ಆರಿಸಿ. ಸಿಪ್ಪೆ ಬಿಡಿಸಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮುಂಗಾರಿನ ಮೊದಲ ಹದಕ್ಕೆ ನೇರವಾಗಿ ಬದುವಿನಲ್ಲೇ ಊರಬಹುದು. ಎರಡು ವಾರದೊಳಗೆ ಮೊಳಕೆ ಕಾಣುತ್ತದೆ. ಸಸಿಯೇ ಬೇಕೆಂದರೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಕೇಳಿ. ಅದೇ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಗಿಡಗಳಿಗೆ ಮೊದಲ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಬದು ನಿರ್ಮಿಸುವಾಗಲೇ ಅದರ ಮೇಲೆ ಬೀಜ ಊರಿಸುವಂತೆ ಗ್ರಾಮ ಪಂಚಾಯಿತಿಯನ್ನು ಕೇಳಬೇಕು.

ಪಂಚಾಯಿತಿಗಳು, ಹಾಲು ಸಹಕಾರ ಸಂಘಗಳು, ಮಹಿಳಾ ಸ್ವಸಹಾಯ ಗುಂಪುಗಳು ಮನಸ್ಸು ಮಾಡಿದರೆ ಇನ್ನೊಂದು ಹೆಜ್ಜೆ ಇಡಬಹುದು. ಹೋಬಳಿಗೊಂದು ಚಿಕ್ಕ ಎಣ್ಣೆ ಗಾಣ ಇರಲಿ. ಬೀಜ ತಂದವರಿಗೆ ದುಡ್ಡೋ ಹಿಂಡಿಯೋ, ಬೇಕಾದ್ದು ಸಿಗಲಿ. ದೂರದ ಕಾರ್ಖಾನೆಗೆ ಬೀಜ ಸಾಗಿಸಿದರೆ ಎಣ್ಣೆಯೊಂದಿಗೆ ಹಿಂಡಿಯೂ ಊರು ಬಿಡುತ್ತದೆ. ಇಲ್ಲೇ ಹಿಂಡಿದರೆ ಗೊಬ್ಬರ ಇಲ್ಲಿನ ಮಣ್ಣಿಗೇ ಮರಳುತ್ತದೆ. ಅಂಬಾಜಿದುರ್ಗ ಹೋಬಳಿಯಲ್ಲೇ ಇದನ್ನು ಮೊದಲು ಮಾಡಿ ನೋಡಬಾರದೇಕೆ?

ಶಾಲೆಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಬೇಡಿಕೆ. ಬೇಸಿಗೆ ರಜೆಗೆ ಮುಂಚೆ ಮಕ್ಕಳನ್ನು ಹತ್ತಿರದ ಬದುವಿಗೆ ಕರೆದುಕೊಂಡು ಹೋಗಿ. ಎಲೆ ಎಣಿಸಲಿ, ಗಂಟು ಮುಟ್ಟಿ ನೋಡಲಿ, ಕಾಯಿ ಬಡಿದು ಬೀಜ ತೆಗೆಯಲಿ. ಆ ಬೀಜವನ್ನು ಮನೆಗೆ ಒಯ್ದು ಮಳೆ ಬಿದ್ದಾಗ ತಮ್ಮ ಹೊಲದ ಬದುವಿನಲ್ಲಿ ಊರಲಿ. ಓದುಗರಲ್ಲೂ ಅದನ್ನೇ ಕೇಳುತ್ತೇನೆ. ನಿಮ್ಮ ಹೊಲದಲ್ಲಿ ಹೊಂಗೆ ಇದ್ದರೆ ಕಡಿಯಬೇಡಿ, ಸವರಿ ಬಳಸಿ. ಇಲ್ಲದಿದ್ದರೆ ಈ ಮುಂಗಾರಿಗೆ ಬದುವಿಗೊಂದು ಹೊಂಗೆ ಹಾಕಿ.